ದಿನಾ ಜೇಬಲ್ಲಿ ಇಟ್ಟುಕೊಳ್ಳೋಕೆ ಯಾವ ಟಾರ್ಚು? ತೋಟ, ಮಂಜು, ಮಳೆ ಎಲ್ಲಕ್ಕೂ ಆಗಬೇಕು

ಅಮ್ಮತ್ತಿ ರೊಬಸ್ಟಾ
ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಮೊಬೈಲ್ ಟಾರ್ಚನ್ನೇ ನಂಬಿಕೊಂಡು ತೋಟದಲ್ಲಿ ಓಡಾಡಿದವನು ನಾನು. ಕಳೆದ ಗುರುವಾರ ಆ ನಂಬಿಕೆ ಹೋಯಿತು.

ಸಂಜೆ ಏಳೂಕಾಲು. ಪಂಪ್‌ಹೌಸ್‌ನಿಂದ ಮನೆಗೆ ಬರುತ್ತಿದ್ದೆ, ನಾಲ್ಕು ನಿಮಿಷದ ದಾರಿ. ಸಣ್ಣಗೆ ಜಡಿಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಹಲಸಿನ ಮರದ ತಿರುವಿಗೆ ಬಂದಾಗ ಹಣ್ಣಿನ ವಾಸನೆ ಮೂಗಿಗೆ ಬಡಿಯಿತು, ಅದರ ಜೊತೆಗೇ ಹೊಟ್ಟೆಯೊಳಗಿಂದ ಬಂದಂಥ ಗುಡುಗುಡು ಸದ್ದು. ಫೋನಿನ ಬೆಳಕು ಎದುರಿಗಿದ್ದ ಕಾಫಿ ಎಲೆಗಳ ಮೇಲೆಯೇ ನಿಂತುಹೋಯಿತು. ಅದರಾಚೆ ಏನೂ ಕಾಣಲಿಲ್ಲ. ತಿರುಗದೆ, ಹಿಂದಕ್ಕೇ ಹೆಜ್ಜೆ ಇಡುತ್ತಾ ಪಂಪ್‌ಹೌಸ್ ಸೇರಿ ಬಾಗಿಲು ಹಾಕಿಕೊಂಡೆ. ಬೆಳಗ್ಗೆ ಹೋಗಿ ನೋಡಿದರೆ ನಾನು ನಿಂತಿದ್ದಲ್ಲಿಂದ ಹದಿನೈದು ಹೆಜ್ಜೆಗೆ ಆನೆ ಲದ್ದಿ.

ಮನೆಯಲ್ಲಿ ಅಪ್ಪನ ಹಿತ್ತಾಳೆಯ ಹಳೇ ಟಾರ್ಚು, ಜೀವನ್ ಸಾಥಿ ಇದೆ. ಭಾರ ಜಾಸ್ತಿ, ಹಾಗಾಗಿ ಯಾವಾಗಲೂ ಮೊಳೆಯಲ್ಲೇ ನೇತಾಡುತ್ತಿರುತ್ತದೆ. ಬೇಕಾದ ಹೊತ್ತಿಗೆ ಕೈಯಲ್ಲಿ ಇರುವುದಿಲ್ಲ. ನನಗೆ ಬೇಕಿರುವುದು ಪ್ಯಾಂಟಿನ ಜೇಬಿನಲ್ಲೇ ಇರುವಂಥದ್ದು. ಮಳೆಗೆ ಹಾಳಾಗಬಾರದು. ಅಮ್ಮನ ಕೈಗೆ ಕೊಟ್ಟರೂ ಒಂದೇ ಒತ್ತಿಗೆ ಹತ್ತಬೇಕು. ಎರಡೂವರೆ ಸಾವಿರದವರೆಗೆ ಹಾಕಬಲ್ಲೆ. ಆನ್‌ಲೈನ್‌ನಲ್ಲಿ ನೋಡಿದರೆ ಒಂದು ಲಕ್ಷ ಲ್ಯೂಮೆನ್ ಅಂತೆಲ್ಲ ಬರೆದಿದ್ದಾರೆ, ತಲೆ ಕೆಟ್ಟುಹೋಗಿದೆ. ತಿಳಿದವರು ಹೇಳಿ.

ಪಾಲಿಬೆಟ್ಟ ರೈಟರ್
ತಮ್ಮಾ, ನೀವು ಹಿಂದಕ್ಕೆ ಬಂದಿರಲ್ಲ, ಅದೇ ಸರಿಯಾದ ಕೆಲಸ. ಟಾರ್ಚಿನ ಮಾತಿಗೆ ಮೊದಲು ಇದನ್ನು ಹೇಳಲೇಬೇಕು. ಇಪ್ಪತ್ತೆರಡು ವರ್ಷದಿಂದ ಎಸ್ಟೇಟಿನಲ್ಲಿ ರೈಟರ್, ಅಂದರೆ ಕೆಲಸದ ಮೇಲ್ವಿಚಾರಕ ಆಗಿದ್ದೇನೆ. ಬೆಳಕು ಬಿಟ್ಟರೆ ಆನೆ ಹೋಗುತ್ತದೆ ಎಂದುಕೊಂಡು ಹತ್ತಿರ ಹೋದವರನ್ನು ಕಂಡಿದ್ದೇನೆ, ಅವರಲ್ಲಿ ಇಬ್ಬರು ಈಗ ಇಲ್ಲ. ಟಾರ್ಚು ಇರುವುದು ಆನೆ ಓಡಿಸುವುದಕ್ಕಲ್ಲ. ನಾವು ಎಲ್ಲಿ ನಿಲ್ಲಬೇಕು, ಎಲ್ಲಿಂದ ತಿರುಗಬೇಕು ಎಂದು ತಿಳಿಯುವುದಕ್ಕೆ. ಮಿಣಮಿಣ ಮಿಂಚುವ ಸ್ಟ್ರೋಬ್ ಇದೆ ಎಂದು ಅದನ್ನು ಆನೆಯ ಕಣ್ಣಿಗೆ ಬಿಡಬೇಡಿ. ಸಿಟ್ಟಿಗೆದ್ದರೆ ಬೆಳಕು ಇರುವ ಕಡೆಗೇ ಬರುತ್ತದೆ.

ಕತ್ತಲಾದ ಮೇಲೆ ತೋಟಕ್ಕೆ ಇಳಿಯಲೇಬೇಕಿದ್ದರೆ ಜಗಲಿಯಲ್ಲೇ ಎರಡು ನಿಮಿಷ ನಿಂತು ಕಿವಿಗೊಡಿ. ಬಿದಿರು ಮುರಿಯುವ ಸದ್ದು ಟಾರ್ಚಿಗಿಂತ ದೂರ ಮುಟ್ಟುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರ ನಂಬರು ಫೋನಿನಲ್ಲಿರಲಿ. ಫೋನಿನ ಚಾರ್ಜನ್ನು ಅದಕ್ಕೆ ಉಳಿಸಿಕೊಳ್ಳಬೇಕು, ಅದಕ್ಕಾಗಿಯೇ ಬೇರೆ ಟಾರ್ಚು ಬೇಕು ಎಂದು ನಮ್ಮ ಹುಡುಗರಿಗೆ ಹೇಳುತ್ತಿರುತ್ತೇನೆ.

ಕುಶಾಲನಗರ ಸರ್ವೀಸ್
ನನ್ನದು ಮೋಟಾರು, ಯುಪಿಎಸ್ ರಿಪೇರಿ ಅಂಗಡಿ. ಟಾರ್ಚು ಬಿಚ್ಚುವುದು ಹಳೆಯ ಹುಚ್ಚು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಈ ವಿಷಯದಲ್ಲಿ ಜನ ಸುಮ್ಮನೆ ದುಡ್ಡು ಕಳೆದುಕೊಳ್ಳುವುದು ನೋಡಿ ಬೇಜಾರಾಗಿದೆ.

ಲ್ಯೂಮೆನ್ ಎಂದರೆ ಟಾರ್ಚಿನಿಂದ ಹೊರಗೆ ಬರುವ ಒಟ್ಟು ಬೆಳಕು. ಆ ಬೆಳಕು ಎಷ್ಟು ಒತ್ತಾಗಿ ಒಂದೇ ಕಡೆ ಹೋಗುತ್ತದೆ ಎನ್ನುವುದಕ್ಕೆ ಕ್ಯಾಂಡೆಲಾ ಎಂಬ ಬೇರೆ ಅಳತೆ. ಹಂಡೆಯಲ್ಲಿ ಎಷ್ಟು ನೀರಿದೆ ಎನ್ನುವುದು ಒಂದು ಮಾತು, ಪೈಪಿನ ಬಾಯಿ ಒತ್ತಿ ಹಿಡಿದಾಗ ನೀರು ಎಷ್ಟು ದೂರ ಚಿಮ್ಮುತ್ತದೆ ಎನ್ನುವುದು ಇನ್ನೊಂದು. ಡಬ್ಬಿಯ ಮೇಲೆ ‘ಬೀಮ್ ಡಿಸ್ಟೆನ್ಸ್ 200 ಮೀಟರ್’ ಎಂದಿದ್ದರೆ ಅದು 10,000 ಕ್ಯಾಂಡೆಲಾ. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಆದರೆ ಆ 200 ಮೀಟರಿನ ತುದಿಯಲ್ಲಿ ಬೀಳುವುದು ಕಾಲು ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. ಅಲ್ಲಿ ನಿಂತಿರುವುದು ಹಸುವೋ ಕಾಟಿಯೋ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಬರೆದಿರುವ ದೂರದಲ್ಲಿ ಮೂರನೇ ಒಂದು ಭಾಗವನ್ನಷ್ಟೇ ನಂಬಿ. ದೂರ ಎರಡು ಪಟ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟಾಗಬೇಕು.

ಈ ಅಳತೆಗಳಿಗೆಲ್ಲ ಎಫ್‌ಎಲ್1 ಎಂಬ ಮಾನದಂಡ ಇದೆ, 2009ರಲ್ಲಿ ಬಂದದ್ದು. ಅದನ್ನು ಪಾಲಿಸುವ ಕಂಪನಿಗಳು ಟಾರ್ಚು ಹಚ್ಚಿ 30 ಸೆಕೆಂಡ್ ಆದ ಮೇಲೆ ಬೆಳಕು ಅಳೆಯುತ್ತವೆ. ಎಷ್ಟು ಹೊತ್ತು ಉರಿಯುತ್ತದೆ ಎಂಬ ಲೆಕ್ಕವನ್ನು ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಹಿಡಿಯುತ್ತವೆ. ‘1000 ಲ್ಯೂಮೆನ್, 3 ಗಂಟೆ’ ಎಂದು ಬರೆದಿದ್ದರೆ ಮೂರು ಗಂಟೆಯೂ ಸಾವಿರ ಎಂದುಕೊಳ್ಳಬೇಡಿ. ಜೇಬಿಗೆ ಹಿಡಿಯುವ ಟಾರ್ಚು ಸಾವಿರ ಲ್ಯೂಮೆನ್ ಕೊಟ್ಟರೆ ಕೆಲವೇ ನಿಮಿಷದಲ್ಲಿ ಕೈ ಸುಡುವಷ್ಟು ಬಿಸಿಯಾಗುತ್ತದೆ, ಒಳಗಿನ ಸರ್ಕ್ಯೂಟು ತಾನಾಗಿ ಬೆಳಕು ಇಳಿಸುತ್ತದೆ. ಅದು ದೋಷ ಅಲ್ಲ, ಇಳಿಸಲೇಬೇಕು. ಆ ಗಾತ್ರದ ಟಾರ್ಚು ನಿಂತು ಉರಿಯುವುದು 300ರಿಂದ 500 ಲ್ಯೂಮೆನ್‌ನಲ್ಲಿ. ನಿಮ್ಮ ನಾಲ್ಕು ನಿಮಿಷದ ದಾರಿಗೆ 150 ಸಾಕು. ಒಂದು ಲಕ್ಷ ಎಂದು ಬರೆದವನ ಟಾರ್ಚು ತೆಗೆದುಕೊಳ್ಳಲೇಬೇಡಿ. ಸುಳ್ಳು ಬರೆಯುವವನು ಸೆಲ್ಲಿನಲ್ಲೂ ಸುಳ್ಳು ಹಾಕಿರುತ್ತಾನೆ.

ಶಾಂತಳ್ಳಿ ಗದ್ದೆ
ಸರ್ವೀಸ್ ಅಣ್ಣ ಹೇಳಿದ್ದು ಸರಿ ಇರಬಹುದು, ಆದರೂ ನನಗೆ ದೂರದ ಬೆಳಕೇ ಬೇಕು. ನಮ್ಮದು ಗದ್ದೆ ಬಯಲು, ಆಚೆ ದಡದಲ್ಲಿ ಕಾಡು. ಏರಿಯ ಮೇಲೆ ನಿಂತು ಹಂದಿ ಇದೆಯೋ ಇಲ್ಲವೋ ನೋಡಬೇಕೆಂದರೆ ಹತ್ತಿರದ ಬೆಳಕು ಪ್ರಯೋಜನಕ್ಕಿಲ್ಲ. ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ಮುಂದಿನ ಗಾಜು ಎಳೆದರೆ ಬೆಳಕು ಚೂಪಾಗುವ ಜೂಮ್ ಟಾರ್ಚು ತಂದಿದ್ದೇನೆ. ಆರುನೂರು ರೂಪಾಯಿ. ಚೆನ್ನಾಗಿದೆ, ಅದನ್ನೇ ತೆಗೆದುಕೊಳ್ಳಿ.

ಕುಶಾಲನಗರ ಸರ್ವೀಸ್
ಗದ್ದೆ ಬಯಲಿಗೆ ದೂರದ ಬೆಳಕು ಬೇಕು, ಒಪ್ಪುತ್ತೇನೆ. ಆದರೆ ಅಮ್ಮತ್ತಿಯವರು ಓಡಾಡುವುದು ರೊಬಸ್ಟಾ ಕಾಫಿ ತೋಟದಲ್ಲಿ. ಎರಡೂ ಕಡೆ ಗಿಡ, ಮೇಲೆ ನೆರಳು ಮರ, ಮರಕ್ಕೆ ಮೆಣಸಿನ ಬಳ್ಳಿ. ಅಲ್ಲಿ ಚೂಪು ಬೆಳಕು ಬಿಟ್ಟರೆ ಮೂರು ಅಡಿ ದೂರದ ಎಲೆಗೆ ಬಡಿದು ವಾಪಸ್ ಕಣ್ಣಿಗೇ ಹೊಡೆಯುತ್ತದೆ, ಕಣ್ಣು ಕಟ್ಟಿದ ಹಾಗಾಗಿ ಆಚೆ ಇರುವುದು ಇನ್ನೂ ಕಾಣದು. ತೋಟಕ್ಕೆ ಅಗಲದ ಬೆಳಕೇ ಸರಿ.

ಜೂಮ್ ಟಾರ್ಚಿನ ಮೇಲೆ ನನಗೆ ಇನ್ನೊಂದು ತಕರಾರಿದೆ. ಮುಂಭಾಗ ಹಿಂದೆ ಮುಂದೆ ಸರಿಯಬೇಕಲ್ಲ, ಅಲ್ಲಿ ನೀರು ತಡೆಯುವ ಹಾಗೆ ಬಿಗಿ ಮಾಡುವುದು ಕಷ್ಟ. ಸರಿಸಿದಾಗಲೆಲ್ಲ ಒಳಗೆ ಗಾಳಿ ಎಳೆಯುತ್ತದೆ, ಗಾಳಿಯ ಜೊತೆ ನಮ್ಮ ಆಷಾಢದ ತೇವವೂ ಹೋಗುತ್ತದೆ. ಆಗಸ್ಟ್ ಬರುವ ಹೊತ್ತಿಗೆ ಗಾಜಿನ ಒಳಗೆ ಬೆವರು, ಸೆಲ್ಲಿನ ಸ್ಪ್ರಿಂಗಿಗೆ ತುಕ್ಕು. ನನ್ನ ಅಂಗಡಿಗೆ ಬರುವ ಸತ್ತ ಟಾರ್ಚುಗಳಲ್ಲಿ ಹೆಚ್ಚಿನವು ಇಂಥವೇ.

ಶಾಂತಳ್ಳಿ ಗದ್ದೆ
ನನ್ನದಕ್ಕೆ ಇನ್ನೂ ಒಂದು ಮಳೆಗಾಲ ಆಗಿಲ್ಲ. ಹಾಗಾದರೆ ಗಾಜಿನ ಸುತ್ತ ಟೇಪು ಸುತ್ತಿಟ್ಟು ನೋಡುತ್ತೇನೆ.

ಕುಶಾಲನಗರ ಸರ್ವೀಸ್
ಟೇಪು ಬೇಡ ಅಣ್ಣ, ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಮನೆಗೆ ಬಂದ ತಕ್ಷಣ ಸೆಲ್ ತೆಗೆದು, ಬಿಚ್ಚಿಟ್ಟು ಒಲೆಯ ಹತ್ತಿರ ಆರಲು ಬಿಡಿ. ಸೆಲ್ಲನ್ನು ಮಾತ್ರ ಒಲೆಯಿಂದ ದೂರ ಇಡಿ.

ನೀರಿನ ವಿಷಯಕ್ಕೆ ಡಬ್ಬಿಯ ಮೇಲೆ ಐಪಿಎಕ್ಸ್ ನಂಬರು ನೋಡಿ. ಐಪಿಎಕ್ಸ್4 ಎಂದರೆ ಎರಚಲು ತಡೆಯುತ್ತದೆ ಅಷ್ಟೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಐಪಿಎಕ್ಸ್8 ಅದಕ್ಕೂ ಮೇಲೆ. ಕೊಡಗಿಗೆ 7ಕ್ಕಿಂತ ಕಡಿಮೆ ಬೇಡ, ತೋಡಿಗೆ ಬಿದ್ದರೂ ಎತ್ತಿಕೊಳ್ಳಬಹುದು.

ನಾಪೋಕ್ಲು ಸಿಸ್ಟರ್
ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ, ರಾತ್ರಿ ಪಾಳಿ ಮುಗಿಸಿ ಗದ್ದೆ ಬದಿಯಲ್ಲಿ ನಡೆದು ಬರಬೇಕು. ಎಲ್ಲರೂ ಆನೆಯ ಮಾತಾಡುತ್ತಿದ್ದೀರಿ, ಹಾವಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ದಾರಿಯಲ್ಲಿ ದಿನಾ ಸಿಗುವುದು ಅದೇ.

ಮೊದಲು ನನ್ನ ಹತ್ತಿರ ಇದ್ದದ್ದು ನೀಲಿ ಛಾಯೆಯ ಬಿಳಿ ಬೆಳಕಿನ ಟಾರ್ಚು. ಬೆಳಕಿಗೆ ಕಡಿಮೆ ಇರಲಿಲ್ಲ. ಆದರೆ ಒಣಗಿದ ಎಲೆ, ಮಣ್ಣು, ಕಡ್ಡಿ ಎಲ್ಲ ಒಂದೇ ಬೂದಿ ಬಣ್ಣ. ಮೈಯೆಲ್ಲ ತರಗೆಲೆಯ ಬಣ್ಣದ ಗುಳಿಮಂಡಲ ಅದರಲ್ಲಿ ಹೇಗೆ ಕಾಣಬೇಕು? ಒಂದು ದಿನ ಚಪ್ಪಲಿಯಿಂದ ಗೇಣು ದೂರದಲ್ಲಿ ಸುರುಳಿ ಸುತ್ತಿ ಮಲಗಿತ್ತು, ಅಲುಗಾಡಿದ ಮೇಲೆ ಗೊತ್ತಾಯಿತು. ಆಮೇಲೆ ನನ್ನ ತಮ್ಮ ಹಳದಿಗೆ ವಾಲುವ, ಬಣ್ಣ ಸರಿಯಾಗಿ ತೋರಿಸುವ ಟಾರ್ಚು ತಂದುಕೊಟ್ಟ. ಅದರಲ್ಲಿ ಕಂದು ಕಂದಾಗಿಯೇ, ಹಸಿರು ಹಸಿರಾಗಿಯೇ ಕಾಣುತ್ತದೆ. ವ್ಯತ್ಯಾಸ ಕಣ್ಣಾರೆ ನೋಡಿದರೇ ತಿಳಿಯುವುದು.

ನಮ್ಮಲ್ಲಿ ಸಿಗುವ ಹಾವಿನ ವಿಷದ ಔಷಧಿ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಎಂದೇ ಮಾಡಿದ್ದು. ಗುಳಿಮಂಡಲ ಅದರಲ್ಲಿ ಸೇರಿಲ್ಲ. ಯಾವುದು ಕಚ್ಚಿದರೂ ಕಟ್ಟು ಬಿಗಿಯುವುದು, ಕೊಯ್ಯುವುದು ಮಾಡದೆ ನೇರ ಆಸ್ಪತ್ರೆಗೆ ಬರಬೇಕು. ಕಚ್ಚುವುದಕ್ಕೆ ಮುಂಚೆ ಕಾಣುವ ಹಾಗೆ ಬೆಳಕು ಇಟ್ಟುಕೊಳ್ಳುವುದು ನಮ್ಮ ಕೈಲಿದೆ.

ಕುಶಾಲನಗರ ಸರ್ವೀಸ್
ಅಕ್ಕ ಹೇಳಿದ್ದಕ್ಕೆ, ಅಂದರೆ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎನ್ನುವುದಕ್ಕೆ, ಡಬ್ಬಿಯ ಮೇಲೆ ಸಿಆರ್‌ಐ ಎಂದು ಬರೆದಿರುತ್ತಾರೆ. ಸೂರ್ಯನ ಬೆಳಕು 100. ಅಗ್ಗದ ಎಲ್‌ಇಡಿಗಳು 70ರ ಹತ್ತಿರ. 90 ದಾಟಿದ್ದು ಒಳ್ಳೆಯದು. ನಿಚಿಯಾ 519ಎ ಎಂಬ ಎಲ್‌ಇಡಿ ಇದಕ್ಕೆ ಹೆಸರುವಾಸಿ. ಬೆಳಕಿನ ಛಾಯೆ ಬೇರೆ ಸಂಗತಿ, ಅದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: 3000 ಎಂದರೆ ಹಳೇ ಬಲ್ಬಿನ ಹಳದಿ, 5000 ಮಧ್ಯಾಹ್ನದ ಬಿಸಿಲು, 6500 ನೀಲಿಗೆ ವಾಲಿದ ಬಿಳುಪು. 4000ದಿಂದ 5000 ನಡುವೆ ಇರುವುದು ನನ್ನ ಆಯ್ಕೆ.

ಮಡಿಕೇರಿ ಮೇಷ್ಟ್ರು
ಮಂಜಿನ ಬಗ್ಗೆ ಒಂದು ಮಾತು, ಏಕೆಂದರೆ ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ಹಳದಿಯನ್ನೂ ಬಿಳಿಯನ್ನೂ ಅದು ಹೆಚ್ಚುಕಡಿಮೆ ಒಂದೇ ಥರ ಚೆಲ್ಲುತ್ತದೆ. ಹಳದಿ ಕಣ್ಣಿಗೆ ಹಿತ ಎನಿಸಬಹುದು, ಹೆಚ್ಚು ದೂರ ಮಾತ್ರ ಹೋಗದು.

ಮಂಜಿನಲ್ಲಿ ಕೆಲಸ ಮಾಡುವುದು ಟಾರ್ಚನ್ನು ಹಿಡಿಯುವ ಎತ್ತರ. ಕಣ್ಣಿನ ಪಕ್ಕ ಹಿಡಿದರೆ ಎದುರಿಗೆ ಬಿಳಿ ಗೋಡೆ. ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಬೆಳಕು ಕಡಿಮೆ ಮಾಡಿ, ನೆಲಕ್ಕೆ ಬಿಡಿ, ದಾರಿ ಕಾಣುತ್ತದೆ. ಜುಲೈಯಲ್ಲಿ ರಾಜಾ ಸೀಟ್ ಕಡೆಯಿಂದ ನಡೆದು ಬರುವಾಗ ಒಂದೇ ಟಾರ್ಚಿನಲ್ಲಿ ಎರಡೂ ಥರ ಮಾಡಿ ನೋಡಿ. ನಮ್ಮ ಎಂಟನೇ ತರಗತಿಯ ಮಕ್ಕಳಿಗೆ ಬೆಳಕಿನ ಪಾಠ ಮಾಡುವಾಗ ಇದನ್ನೇ ತೋರಿಸುತ್ತೇನೆ.

ಕೆಳಗೆ ಹಿಡಿದರೆ ಹಾವಿಗೂ ಒಳ್ಳೆಯದು. ಬೆಳಕು ಓರೆಯಾಗಿ ಬಿದ್ದು ಪ್ರತಿ ಉಬ್ಬಿಗೂ ನೆರಳು ಹುಟ್ಟುತ್ತದೆ.

ಅಮ್ಮತ್ತಿ ರೊಬಸ್ಟಾ
ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಹಾಗಾದರೆ ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಬೇಡವೇ ಸರ್? ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುತ್ತೇವೆ, ರಾತ್ರಿ ಅದರ ಜೆಟ್ (ನೀರು ಚಿಮ್ಮುವ ತುದಿ) ಬದಲಿಸುವಾಗ ಎರಡೂ ಕೈ ಬೇಕು. ಪೈಪು ಹೆಗಲ ಮೇಲೆ, ಟಾರ್ಚು ಬಾಯಲ್ಲಿ, ಹೀಗೇ ನಡೆದಿದೆ ಇಲ್ಲಿಯವರೆಗೆ.

ಪಾಲಿಬೆಟ್ಟ ರೈಟರ್
ಜೆಟ್ ಬದಲಿಸಲು ಹೆಡ್‌ಲ್ಯಾಂಪೇ ಸರಿ ತಮ್ಮಾ. ಆಗ ಮಂಜೂ ಇರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಹಣೆಯ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೆ ಬರುತ್ತದೆ, ಹುಳವೆಲ್ಲ ಮುಖಕ್ಕೇ ಬರುತ್ತವೆ. ನಮ್ಮಲ್ಲಿ ಎಲ್ ಆಕಾರದ ಟಾರ್ಚು ಇದೆ, ಬೆಲ್ಟಿಗೋ ರೈನ್‌ಕೋಟಿನ ಜೇಬಿಗೋ ಕ್ಲಿಪ್ ಹಾಕಿದರೆ ಬೆಳಕು ಮುಂದಕ್ಕೆ ಬೀಳುತ್ತದೆ, ಕೈ ಖಾಲಿ. ಜೆಟ್ ಬದಲಿಸಲು ಒಬ್ಬರೇ ಹೋಗಬೇಡಿ. ಒಬ್ಬ ಕೆಲಸ ಮಾಡಲಿ, ಒಬ್ಬ ಸುತ್ತ ಬೆಳಕು ಬಿಟ್ಟು ನೋಡುತ್ತಿರಲಿ.

ಭಾಗಮಂಡಲ ಮಳೆ
ನಾನು ಬೇರೆಯದೇ ವಿಷಯ ಹೇಳಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಕಡೆಯ ನಮ್ಮ ನೆಂಟರ ಮನೆಯಲ್ಲಿದ್ದೆ. ಗುಡ್ಡ ಜರಿದ ದಿನಗಳವು. ಕರೆಂಟಿಲ್ಲ, ಟವರ್ ಇಲ್ಲ. ಕತ್ತಲಲ್ಲಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದೆವು. ಆ ರಾತ್ರಿ ನಮ್ಮ ಹತ್ತಿರ ಇದ್ದದ್ದು ಚಾರ್ಜ್ ಮಾಡುವ ದೊಡ್ಡ ಟಾರ್ಚು ಒಂದು, ಒಳಗಿನ ಬ್ಯಾಟರಿ ತೆಗೆಯಲು ಬಾರದಂಥದ್ದು. ಅರ್ಧ ದಾರಿಯಲ್ಲಿ ಸತ್ತಿತು. ಮುಂದೆ ದಾರಿ ತೋರಿಸಿದ್ದು ಪಕ್ಕದ ಮನೆಯ ಹುಡುಗನ ಜೇಬಲ್ಲಿದ್ದ ಪೆನ್ನಿನಂಥ ಟಾರ್ಚು, ಪೆನ್ಸಿಲ್ ಸೆಲ್ಲಿನದು. ಅವನ ಬಳಿ ಇನ್ನೆರಡು ಸೆಲ್ ಇದ್ದವು.

ಅಂದಿನಿಂದ ನನ್ನ ನಿಯಮ ಒಂದೇ. ಸೆಲ್ ತೆಗೆದು ಬೇರೆ ಹಾಕಲು ಬರದ ಟಾರ್ಚು ನಮ್ಮ ಮನೆಗೆ ಬರಬಾರದು. ಪೆನ್ಸಿಲ್ ಸೆಲ್ಲಿನ ಟಾರ್ಚಿಗೆ ಬೆಳಕು ಕಡಿಮೆ ಇರಬಹುದು. ಆದರೆ ಭಾಗಮಂಡಲದ ಗೂಡಂಗಡಿಯಲ್ಲೂ ಸೆಲ್ ಸಿಗುತ್ತದೆ. ಸಂಗಮದಲ್ಲಿ ನೀರು ಏರಿ ರಸ್ತೆ ಮುಚ್ಚಿದಾಗ ನಾಪೋಕ್ಲುವಿಗೂ ಹೋಗಲಾಗದ ನಮಗೆ ಅದು ದೊಡ್ಡ ಮಾತು.

ನಾಪೋಕ್ಲು ಸಿಸ್ಟರ್
ನೀವು ಬರೆದದ್ದು ಓದಿ ಆ ದಿನಗಳು ಮತ್ತೆ ಕಣ್ಣ ಮುಂದೆ ಬಂದವು. ಅತ್ತೆ ಈಗ ಹೇಗಿದ್ದಾರೆ?

ಭಾಗಮಂಡಲ ಮಳೆ
ಚೆನ್ನಾಗಿದ್ದಾರೆ ಅಕ್ಕ. ಮಗಳ ಮನೆಯಲ್ಲಿದ್ದಾರೆ. ದಿಂಬಿನ ಪಕ್ಕ ಈಗಲೂ ಟಾರ್ಚು ಇಟ್ಟುಕೊಂಡೇ ಮಲಗುತ್ತಾರೆ.

ಕುಶಾಲನಗರ ಸರ್ವೀಸ್
ಭಾಗಮಂಡಲದವರ ಮಾತಿಗೆ ನಾನು ನೂರಕ್ಕೆ ನೂರು ಒಪ್ಪುತ್ತೇನೆ. ಸೆಲ್ಲಿನ ಬಗ್ಗೆ ಈಗ ಬರೆದುಬಿಡುತ್ತೇನೆ.

ಇವತ್ತಿನ ಒಳ್ಳೆಯ ಜೇಬಿನ ಟಾರ್ಚುಗಳಲ್ಲಿ ಹೆಚ್ಚಿನವು 18650 ಎಂಬ ಲಿಥಿಯಂ ಸೆಲ್ಲಿನವು. 18 ಮಿಲಿಮೀಟರ್ ದಪ್ಪ, 65 ಉದ್ದ, ಹೆಸರೇ ಅಳತೆ. ಇದರಲ್ಲಿ ನಿಜವಾಗಿ ಸಿಗುವುದು ಹೆಚ್ಚೆಂದರೆ 3,500ರಿಂದ 4,000 ಎಂಎಎಚ್ ಆಸುಪಾಸು. ಮೇಲೆ 9900 ಎಂದು ಅಚ್ಚು ಹಾಕಿದ್ದರೆ ಅದು ಶುದ್ಧ ಮೋಸ. ಅಂಥದ್ದನ್ನು ಅಳೆದು ನೋಡಿದ್ದೇನೆ, ಸಾವಿರವೂ ದಾಟಲಿಲ್ಲ. ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿಗೆ ಹೊಸ ಹೊದಿಕೆ ಹಾಕಿ ಮಾರುವವರೂ ಇದ್ದಾರೆ. ಹೊದಿಕೆ ಹರಿದ ಸೆಲ್ ಬಳಸಲೇಬೇಡಿ. ಜೇಬಲ್ಲಿ ಬಿಡಿ ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಜೊತೆ ಇಟ್ಟರೆ ಶಾರ್ಟ್ ಆಗಿ ಬೆಂಕಿಯೇ ಹತ್ತಬಹುದು. ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದರಲ್ಲಿಡಿ.

ಇನ್ನೊಂದು, ಪೆನ್ಸಿಲ್ ಸೆಲ್ಲಿನ (ಎಎ) ಅಳತೆಯಲ್ಲೇ 14500 ಎಂಬ ಲಿಥಿಯಂ ಸೆಲ್ ಇದೆ. ಪೆನ್ಸಿಲ್ ಸೆಲ್ 1.5 ವೋಲ್ಟ್, ಇದು ತುಂಬಿದಾಗ 4.2. ಎರಡಕ್ಕೂ ಆಗುತ್ತದೆ ಎಂದು ಬರೆದಿರುವ ಟಾರ್ಚಿಗೆ ಮಾತ್ರ ಹಾಕಿ. ಗೋಡೆ ಗಡಿಯಾರಕ್ಕೋ ರಿಮೋಟಿಗೋ ಮಕ್ಕಳು ಹಾಕದ ಹಾಗೆ ಬೇರೆ ಇಡಿ. ಮಾಮೂಲಿ ಆಲ್ಕಲೈನ್ ಸೆಲ್ಲನ್ನು ತಿಂಗಳುಗಟ್ಟಲೆ ಟಾರ್ಚಿನೊಳಗೆ ಮರೆತರೆ ಕ್ಷಾರ ಸೋರಿ ಒಳಗನ್ನೇ ತಿನ್ನುತ್ತದೆ, ಅಪರೂಪಕ್ಕೆ ಬಳಸುವವರು ಸೆಲ್ ತೆಗೆದಿಡಬೇಕು.

ಅಮ್ಮತ್ತಿ ತಮ್ಮನಿಗೆ ಹೆಸರು ಹೇಳುವುದಾದರೆ ವುರ್ಕೋಸ್ ಎಫ್‌ಸಿ11ಸಿ ನೋಡಿ. 18650 ಸೆಲ್, ತೆಗೆಯಬಹುದು, ಟೈಪ್-ಸಿ ಚಾರ್ಜಿಂಗ್, 519ಎ ಎಲ್‌ಇಡಿ. ಬುಡದಲ್ಲಿ ಆಯಸ್ಕಾಂತ ಇದೆ, ಪಂಪಿನ ಕಬ್ಬಿಣದ ಮೈಗೆ ಅಂಟಿಸಿ ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ಕಾನ್ವಾಯ್ ಎಸ್2+ ಇನ್ನೂ ಸರಳ, ಹಿಂಬದಿಯಲ್ಲಿ ಟಕ್ ಎನ್ನುವ ಬಟನ್, ಚಾರ್ಜರ್ ಬೇರೆ ಬೇಕು. ಅಮ್ಮನಿಗೆ ಇದೇ ಸುಲಭ.

ಶಾಂತಳ್ಳಿ ಗದ್ದೆ
ಜೇಬಿನಲ್ಲಿ ತಾನಾಗಿ ಹತ್ತಿ ಪ್ಯಾಂಟು ಸುಟ್ಟುಕೊಂಡವರನ್ನು ನೋಡಿದ್ದೇನೆ. ಅದಕ್ಕೇನು ದಾರಿ?

ಕುಶಾಲನಗರ ಸರ್ವೀಸ್
ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲ ಮಾಡಿ, ಹೆಚ್ಚಿನ ಟಾರ್ಚುಗಳಲ್ಲಿ ಸಂಪರ್ಕ ತಪ್ಪುತ್ತದೆ. ತೋಟಕ್ಕೆ ಇಳಿಯುವ ಮುಂಚೆ ಮತ್ತೆ ಬಿಗಿ ಮಾಡಿ, ಸಡಿಲ ಬಿಟ್ಟರೆ ನೀರೂ ಒಳಗೆ ಹೋಗುತ್ತದೆ.

ವಿರಾಜಪೇಟೆ ಐನ್‌ಮನೆ
ತಡವಾಗಿ ಬಂದೆ. ಎಲ್ಲರೂ ಹೆಚ್ಚು ಬೆಳಕಿನ ಮಾತಾಡಿದ್ದೀರಿ, ನಾನು ತೀರಾ ಕಡಿಮೆ ಬೆಳಕಿನ ಬಗ್ಗೆ ಹೇಳುತ್ತೇನೆ. ಒಂದು ಲ್ಯೂಮೆನ್‌ಗಿಂತ ಕಡಿಮೆಯ ಮೂನ್‌ಲೈಟ್ ಮೋಡ್ ಇರುವ ಟಾರ್ಚು ತೆಗೆದುಕೊಳ್ಳಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಜೋರು ಬೆಳಕು ಒಂದು ಕ್ಷಣದಲ್ಲಿ ಅದನ್ನು ಕೆಡಿಸುತ್ತದೆ.

ಹೋದ ಪುತ್ತರಿಯ, ಅಂದರೆ ನಮ್ಮ ಸುಗ್ಗಿ ಹಬ್ಬದ, ರಾತ್ರಿ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಹೋಗುತ್ತಿದ್ದೆವು. ಬೆಳದಿಂಗಳು ಹಾಲು ಚೆಲ್ಲಿದ ಹಾಗಿತ್ತು. ಹುಡುಗರು ಸಾವಿರ ಲ್ಯೂಮೆನ್ ಬಿಟ್ಟುಕೊಂಡು ಬಂದರು, ಮುಂದೆ ನಡೆಯುತ್ತಿದ್ದ ಅಜ್ಜನಿಗೆ ಕಣ್ಣು ಕತ್ತಲೆ ಬಂದು ಏರಿಯ ಮೇಲೆ ಕಾಲು ಜಾರಿತು. ದೇವರ ದಯೆ, ಪೆಟ್ಟಾಗಲಿಲ್ಲ. ಆಮೇಲೆ ಎಲ್ಲ ಆರಿಸಿ ಒಂದೇ ಒಂದು ಸಣ್ಣ ಬೆಳಕನ್ನು ಪಾದದ ಹತ್ತಿರ ಹಿಡಿದು ನಡೆದೆವು. ‘ಪೊಲಿ ಪೊಲಿ ದೇವಾ’ ಎಂದು ಕೂಗುವಾಗ ಗದ್ದೆಯ ಆ ತುದಿಯವರೆಗೂ ಬೆಳದಿಂಗಳಲ್ಲೇ ಕಾಣುತ್ತಿತ್ತು.

ಅಮ್ಮತ್ತಿ ರೊಬಸ್ಟಾ
ಮೂರು ವಾರ ಆಯಿತು, ಏನಾಯಿತು ಎಂದು ಹೇಳಬೇಕಲ್ಲ. ಎಫ್‌ಸಿ11ಸಿ ತರಿಸಿದೆ. ಜೊತೆಗೆ ಇನ್ನೊಂದು ಸೆಲ್, ಪ್ಲಾಸ್ಟಿಕ್ ಡಬ್ಬಿ. ಅಮ್ಮನಿಗೆ ಪೆನ್ಸಿಲ್ ಸೆಲ್ಲಿನ, ಹಿಂದೆ ಒತ್ತುವ ಒಂದು ಟಾರ್ಚು.

ದಿನಾ ಬಳಸುವುದು 150ರ ಹತ್ತಿರದ ಬೆಳಕೇ. ಮೇಷ್ಟ್ರು ಹೇಳಿದ ಹಾಗೆ ಮೊಣಕಾಲಿನ ಎತ್ತರಕ್ಕೆ ಹಿಡಿದೆ. ಮೊನ್ನೆ ರಾತ್ರಿ ಮಂಜಿನಲ್ಲಿ ಗೇಟಿನವರೆಗೂ ದಾರಿ ಕಂಡಿತು. ನೆಲದ ಮೇಲೆ ಹನಿ ಹನಿ ಮಿನುಗುತ್ತಿತ್ತು, ಬಗ್ಗಿ ನೋಡಿದರೆ ಜೇಡಗಳ ಕಣ್ಣು. ಇಷ್ಟು ವರ್ಷ ಅದೇ ದಾರಿಯಲ್ಲಿ ನಡೆದರೂ ಕಂಡಿರಲಿಲ್ಲ. ಹಲಸಿನ ಮರದ ಹಣ್ಣನ್ನೆಲ್ಲ ಕೆಳಗೆ ಇಳಿಸಿದ್ದೇವೆ. ಆ ತಿರುವಿಗೆ ಮುಂಚೆ ನಿಂತು ಕಿವಿಗೊಡುತ್ತೇನೆ ರೈಟರ್ ಅಣ್ಣ, ಆಮೇಲೆಯೇ ಜೋರು ಬೆಳಕು ಬಿಡುವುದು.

ಒಂದು ಸಂಶಯ ಉಳಿದಿದೆ. ಚಾರ್ಜಿಂಗ್ ತೂತಿನ ರಬ್ಬರು ಮುಚ್ಚಳದ ಒಳಗೆ ನಿನ್ನೆ ಸ್ವಲ್ಪ ತೇವ ಕಂಡಿತು. ಹಾಗೇ ಚಾರ್ಜಿಗೆ ಹಾಕಬಹುದೇ?

ಕುಶಾಲನಗರ ಸರ್ವೀಸ್
ಬೇಡ. ಸೆಲ್ ತೆಗೆದು, ಮುಚ್ಚಳ ತೆರೆದು ಒಂದು ರಾತ್ರಿ ಗಾಳಿ ಆಡುವ ಒಣ ಜಾಗದಲ್ಲಿಡಿ. ಚಾರ್ಜ್ ಆದ ಮೇಲೆ ಪ್ರತಿ ಸಲ ಮುಚ್ಚಳವನ್ನು ಬೆರಳಿನಿಂದ ಸುತ್ತಲೂ ಒತ್ತಬೇಕು, ಒಂದು ಮೂಲೆ ಎದ್ದಿದ್ದರೆ ಐಪಿ ನಂಬರಿಗೆ ಅರ್ಥವೇ ಇಲ್ಲ. ಹಿಂದಿನ ಮುಚ್ಚಳದ ತಿರುಪಿನ ಹತ್ತಿರದ ಕಪ್ಪು ರಬ್ಬರ್ ಉಂಗುರಕ್ಕೆ ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸ್ ಸವರಿ. ಕುಶಾಲನಗರದ ಕಡೆ ಬಂದರೆ ಅಂಗಡಿಗೆ ಬನ್ನಿ, ಸಣ್ಣ ಡಬ್ಬಿಯಲ್ಲಿ ಹಾಕಿಕೊಡುತ್ತೇನೆ.

ಅಮ್ಮತ್ತಿ ರೊಬಸ್ಟಾ
ಮಂಗಳವಾರ ಬರುತ್ತೇನೆ ಅಣ್ಣ. ಅಪ್ಪನ ಜೀವನ್ ಸಾಥಿಯನ್ನೂ ತರುತ್ತೇನೆ, ಅದರ ಸ್ವಿಚ್ಚು ಸರಿ ಮಾಡಿಕೊಡಬೇಕು. ಅಪ್ಪ ಅದನ್ನು ಬಿಡಲು ಒಪ್ಪುತ್ತಿಲ್ಲ.